ಪಿಚರ್ ಚಲೋ ಇದ್ದರೆ ರೊಕ್ಕ ಪಕ್ಕಾನಾ?



ಮೊನ್ನೆ ತಿಕೋಟಾ ಕಡೆಯ ರೈತರೊಬ್ಬರು ನಮಗೆ ಫೋನ್ ಮಾಡಿದ್ದರು. ದ್ರಾಕ್ಷಿ ರೇಟು, ಬೆಳೆ ವಿಮೆ ಕೇಳ್ತಾರೇನೋ ಅಂದುಕೊಂಡೆ. ಅವರ ಪ್ರಶ್ನೆಯೇ ಬೇರೆ. "ಸರ, ಪಿಚರ್ ಅಂದ್ರ ಏನ್ರಿ? ನಮ್ಮ ಹುಡುಗ ನಸುಕಿನಾಗ ಎದ್ದು ಫೋನ್ ಹಿಡಕೊಂಡು ಕುಂದರತಾನ. ಇವತ್ತ ಪಿಚರ್ ಚಲೋ ಅದಾನ, ರೊಕ್ಕ ಪಕ್ಕಾ ಅಂತಾನ."

ಇದು ಅಮೆರಿಕದ ಬೇಸ್‌ಬಾಲ್ ಮಾತು. ಅವರ ರಾತ್ರಿ ಪಂದ್ಯ ನಮಗೆ ನಸುಕು. ಪಿಚರ್ ಅಂದರೆ ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಟಿ20ಯಲ್ಲಿ ಒಬ್ಬ ಬೌಲರ್‌ಗೆ 20ರಲ್ಲಿ 4 ಓವರ್ ಮಾತ್ರ, ಅಂದರೆ ಐದನೇ ಒಂದು ಪಾಲು. ಬೇಸ್‌ಬಾಲ್‌ನಲ್ಲಿ ಪಂದ್ಯ ಶುರು ಮಾಡುವ ಪಿಚರ್ ಸಾಮಾನ್ಯವಾಗಿ 9 ಇನಿಂಗ್ಸ್‌ನಲ್ಲಿ ಐದಾರು ಇನಿಂಗ್ಸ್ ತಾನೊಬ್ಬನೇ ಎಸೀತಾನೆ. ಹಾಗಾಗಿ ಅಲ್ಲಿ ಬಾಜಿ ಕಟ್ಟೋರು ಮೊದಲು ನೋಡೋದು ಎರಡೂ ಕಡೆಯ ಪಿಚರ್ ಹೆಸರು. ಇಷ್ಟರ ಮಟ್ಟಿಗೆ ಹುಡುಗನ ಮಾತು ಸುಳ್ಳಲ್ಲ.

ಹಾಗಾದರೆ ಎಲ್ಲಿ ತಪ್ಪುತ್ತೆ?

ಒಂದು, ಪಿಚರ್ ರನ್ ತಡೀಬಹುದು, ತನ್ನ ತಂಡಕ್ಕೆ ರನ್ ತಂದುಕೊಡೋರು ಬೇರೆಯವರು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೇಕಬ್ ಡಿಗ್ರಾಮ್ 9 ಇನಿಂಗ್ಸ್‌ಗೆ ಸರಾಸರಿ 1.70 ರನ್ ಮಾತ್ರ ಕೊಟ್ಟ. ಆ ವರ್ಷದ ಸೈ ಯಂಗ್ ಪ್ರಶಸ್ತಿಯೂ ಅವನದೇ. ಅವನು ಶುರು ಮಾಡಿದ 32 ಪಂದ್ಯಗಳಲ್ಲಿ ಅವನ ತಂಡ ಸೋತದ್ದು 18! "ಪಿಚರ್ ಚಲೋ ಅದಾನ" ಅಂತ ಪ್ರತಿ ಸಲ ದುಡ್ಡು ಕಟ್ಟಿದವನ ಗತಿ ಏನಾಗಿರಬೇಕು?

ನಮ್ಮೂರಿನ ಉದಾಹರಣೆಯನ್ನೇ ತಗೊಳ್ಳಿ. 2017ರ ವಿಶ್ವಕಪ್. ಜುಲೈ 15ರಂದು ಡರ್ಬಿಯಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್‌ಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಎಂಟು ದಿನ ಬಿಟ್ಟು ಲಾರ್ಡ್ಸ್‌ನಲ್ಲಿ ಫೈನಲ್. ಜೂಲನ್ ಗೋಸ್ವಾಮಿ 23 ರನ್‌ಗೆ 3 ವಿಕೆಟ್ ಪಡೆದರು. ಆದರೂ ಇಂಗ್ಲೆಂಡ್ ವಿರುದ್ಧ ನಾವು 9 ರನ್‌ಗಳಿಂದ ಸೋತೆವು. ಬೌಲರ್ ತನ್ನ ಕೆಲಸ ಮಾಡಿದ ಮೇಲೂ ಪಂದ್ಯ ಬಾಕಿ ಇರುತ್ತೆ.

ಎರಡನೆಯದು ಇನ್ನೂ ಮುಖ್ಯ. ಒಣದ್ರಾಕ್ಷಿ ಹರಾಜಿನಲ್ಲಿ ಹಸಿರು, ಉದ್ದ ಮಾಲಿಗೆ ರೇಟು ಜಾಸ್ತಿ. ಅದು ಚಲೋ ಮಾಲು ಅಂತ ಇಡೀ ಮಾರ್ಕೆಟ್ಟಿಗೇ ಗೊತ್ತು. ಗೊತ್ತಿರೋದನ್ನೇ ಹೇಳಿ ಯಾವ ವ್ಯಾಪಾರಿ ಲಾಭ ಮಾಡ್ತಾನೆ? ಬಾಜಿಯಲ್ಲೂ ಅದೇ. ಚಲೋ ಪಿಚರ್ ಇದ್ದ ದಿನ ಆ ತಂಡ ಗೆದ್ದರೆ ಕೈಗೆ ಬರೋ ದುಡ್ಡು ಮೊದಲೇ ಕಡಿಮೆ ಮಾಡಿರ್ತಾರೆ. ಹುಡುಗ ನೋಡಿದ್ದನ್ನು ದರ ಇಟ್ಟವನೂ ನೋಡಿರ್ತಾನೆ.

ಇಂಜಿನಿಯರಿಂಗ್ ಓದಿದವನು ನಾನು, ಒಂದು ಸಣ್ಣ ಲೆಕ್ಕ ಹೇಳ್ತೀನಿ. ಎರಡೂ ತಂಡ ಸಮಬಲ ಇದ್ದಾಗ, ಸೋತರೆ 110 ರೂಪಾಯಿ ಹೋಗುತ್ತೆ, ಗೆದ್ದರೆ 100 ಬರುತ್ತೆ ಅಂತಿಟ್ಟುಕೊಳ್ಳಿ. ನೂರು ಪಂದ್ಯದಲ್ಲಿ 52 ಸರಿ ಹೇಳಿದರೆ ಬಂದದ್ದು 5,200. ತಪ್ಪಿದ 48ಕ್ಕೆ ಹೋದದ್ದು 5,280. ಅರ್ಧಕ್ಕಿಂತ ಹೆಚ್ಚು ಸರಿ ಹೇಳಿದವನೂ 80 ರೂಪಾಯಿ ಲಾಸ್! ಆ ವ್ಯತ್ಯಾಸವೇ ಅಂಗಡಿ ಇಟ್ಟವನ ಸಂಪಾದನೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದರಲ್ಲಿ ಶಿಕ್ಷೆ ಇರೋದು ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ. ಆಡಿ ಕಳಕೊಂಡವರನ್ನು ಅದು ಅಪರಾಧಿ ಅನ್ನೋದಿಲ್ಲ. ಹಾಗಾಗಿ ಹೆದರಿ ಮುಚ್ಚಿಡಬೇಡಿ. ಕದ್ದು ನಡೆಯುವ ಆ್ಯಪ್ ನಿಮ್ಮ ದುಡ್ಡು ನುಂಗಿದರೆ ಯಾರ ಬಾಗಿಲು ತಟ್ಟೋದು, ಅದನ್ನೂ ಯೋಚಿಸಿ.

ತಿಕೋಟಾ, ಬಬಲೇಶ್ವರ, ವಿಜಯಪುರದ ತಂದೆ-ತಾಯಂದಿರಿಗೆ ನನ್ನ ಮಾತು ಇಷ್ಟೇ. ಹುಡುಗನನ್ನು ಬೈಯಬೇಡಿ, ಹೊಡೆಯಬೇಡಿ. ಅವನಿಗೆ ಆಟ ಗೊತ್ತು, ಅಂಕಿ ಗೊತ್ತು, ಅದು ಒಳ್ಳೆಯ ಗುಣವೇ. ಜೊತೆಗೆ ಕೂತು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಹೋದದ್ದು ಎಷ್ಟು, ಬಂದದ್ದು ಎಷ್ಟು, ಅವನ ಕೈಯಿಂದಲೇ ಕೂಡಿಸಿ ಕಳೆಸಿ. ಬಿಡೋಕೆ ಆಗ್ತಿಲ್ಲ ಅಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ. ಪಿಚರ್ ಯಾರು ಅಂತ ಕೇಳುವ ಮುಂಚೆ, ಖಾತೆಯಲ್ಲಿ ಉಳಿದದ್ದೆಷ್ಟು ಅಂತ ಕೇಳಿ.