ಗೋಡೆಯಿಲ್ಲದ ಸೆರೆಮನೆ

ನಮ್ಮ ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಗೆ ಹೋಗುವ ಪ್ರವಾಸಿಗರನ್ನು ನಾನು ಬಾಲ್ಯದಿಂದಲೂ ಕಂಡವನು. ಅವರು ಗಿರಿಯ ತಂಪನ್ನು ಅರಸಿ ಬರುವವರು. ನಾನು ಪ್ರವಾಸಿಯಾಗಿ ಹೊರಟದ್ದು ಮಾತ್ರ ಬಯಲುಸೀಮೆಗೆ. ನೋಡಲು ಹೋದದ್ದು ಒಂದು ಸೆರೆಮನೆಯನ್ನು.

ಕೋರಮಂಗಲ ಎಂದೊಡನೆ ಕೇಳುಗರಿಗೆ ಬೆಂಗಳೂರಿನ ಬಡಾವಣೆ ನೆನಪಾದೀತು. ಇದು ಅದಲ್ಲ, ದೇವನಹಳ್ಳಿ ತಾಲ್ಲೂಕಿನ ಅದೇ ಹೆಸರಿನ ಹಳ್ಳಿ. 1970ರ ದಶಕದ ಮೊದಲಲ್ಲಿ ಇಲ್ಲಿ ನಮ್ಮ ರಾಜ್ಯದ ಬಯಲು ಬಂದೀಖಾನೆ ಆರಂಭವಾಯಿತು. ನೂರು ಎಕರೆಗೂ ಮಿಕ್ಕ ಭೂಮಿ, 80 ಮಂದಿಗೆ ಸ್ಥಳ. ಶಿಕ್ಷೆಯ ಒಂದು ಭಾಗವನ್ನು ಕೇಂದ್ರ ಕಾರಾಗೃಹದಲ್ಲಿ ಕಳೆದು, ಒಳ್ಳೆಯ ನಡತೆಯವರೆನಿಸಿಕೊಂಡು, ಬೇಸಾಯಕ್ಕೆ ಮೈಯಲ್ಲಿ ಕಸುವುಳ್ಳವರನ್ನು ಆರಿಸಿ ಇಲ್ಲಿಗೆ ಕಳುಹಿಸುತ್ತಾರೆ. ಸೆರೆಮನೆಯೆಂದರೆ ನಮ್ಮ ಕಣ್ಣಿಗೆ ಕಟ್ಟುವ ಆ ಎತ್ತರದ ಗೋಡೆ ಇಲ್ಲಿಲ್ಲ. ಹಾಗಾದರೆ ಓಡಿಹೋಗುವುದಿಲ್ಲವೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಓಡಿದರೆ ಹೊಸ ಮೊಕದ್ದಮೆ, ಮತ್ತೆ ಗೋಡೆಯೊಳಗಿನ ವಾಸ. ಇಷ್ಟು ಲೆಕ್ಕ ಯಾರಿಗಾದರೂ ಬರುತ್ತದೆ.

ಇದು ಪಶ್ಚಿಮದಿಂದ ಎರವಲು ತಂದ ಕಲ್ಪನೆಯೆಂದು ಹೇಳುವವರುಂಟು. ಪೂರ್ತಿ ಒಪ್ಪಲಾರೆ. 1939ರಲ್ಲಿಯೇ ಔಂಧ್ ಸಂಸ್ಥಾನದ ಅರಸರು ಅಟಪಾಡಿಯ ಬಳಿ ಸ್ವತಂತ್ರಪುರವೆಂಬ ಸೆರೆಯಾಳುಗಳ ವಸಾಹತನ್ನು ತೆರೆದಿದ್ದರು. ಶಾಂತಾರಾಮರು 1957ರಲ್ಲಿ ತೆಗೆದ 'ದೋ ಆಂಖೇಂ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆ ಅದೇ. ರಾಜಸ್ಥಾನದ ಸಾಂಗಾನೇರಿನಲ್ಲಂತೂ ಸೆರೆಯಾಳು ಹೆಂಡತಿಮಕ್ಕಳೊಡನೆ ವಾಸಿಸುತ್ತಾನೆ; ಬೆಳಿಗ್ಗೆ ಹೊರಗೆ ದುಡಿಯಲು ಹೋಗಿ ಸಂಜೆ ಹಾಜರಿ ಕೊಡುತ್ತಾನೆ. ನಮ್ಮಲ್ಲಿಯ ಕಥೆ ಅಷ್ಟು ದೂರ ಸಾಗಲಿಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಿಂದ ಹೋದ ಒಂದು ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸರ್ವೋಚ್ಚ ನ್ಯಾಯಾಲಯ, 1996ರಲ್ಲಿ, ಜಿಲ್ಲಾ ಕೇಂದ್ರಗಳಲ್ಲಾದರೂ ಬಯಲು ಬಂದೀಖಾನೆ ತೆರೆಯುವುದನ್ನು ಆಲೋಚಿಸಿರೆಂದು ಹೇಳಿತು. ನಮ್ಮ ಚಿಕ್ಕಮಗಳೂರಿಗೆ ಅದು ಬರಲಿಲ್ಲ.

ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬಾತ ನಾನು ತರೀಕೆರೆಯ ಕಡೆಯವನೆಂದು ತಿಳಿದೊಡನೆ ನೆಟ್ಟಗೆ ನಿಂತ. "ರಾಶಿಗೆ ಈಗ ಏನು ಧಾರಣೆ, ಯಜಮಾನರೆ?" ಎಂದ. ಮಲೆನಾಡಿನವನೇ! ಹೇಳಿದೆ. ಆತ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆದ. ತಾನು ಕೊನೆಗಾರನಾಗಿದ್ದನೆಂದೂ ಈಗಲೂ ಮರ ಹತ್ತಬಲ್ಲೆನೆಂದೂ ತಿಳಿಸಿ, "ಬಿಡುಗಡೆಯಾದ ಮೇಲೆ ಬಂದರೆ ಕೆಲಸ ಕೊಡುತ್ತೀರಾ?" ಎಂದು ಕೇಳಿದ.

ಕೊನೆಗಾರರಿಲ್ಲದೆ ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ಪಡುವ ಪಾಡು ಅಡಿಕೆ ಬೆಳೆಗಾರರಿಗೆ ಗೊತ್ತು. ಕೊಡುತ್ತೇನೆ ಎಂದೆ, ವಿಳಾಸವನ್ನೂ ಬರೆದುಕೊಟ್ಟೆ.

ಊರಿಗೆ ಬಂದು ಹೇಳಿದಾಗ ಅತ್ತಿಗೆ ಕೇಳಿದ್ದು ಒಂದೇ ಮಾತು: "ಯಾರನ್ನು ಕೊಂದವನಂತೆ?" ನಾನು ಅದನ್ನು ಬೇಕೆಂದೇ ವಿಚಾರಿಸಿರಲಿಲ್ಲ, ನ್ಯಾಯಾಲಯ ಕೇಳಿ ಮುಗಿಸಿದ ಪ್ರಶ್ನೆ ಅದು. ಆದರೆ ಅಂಗಳದಲ್ಲಿ ಮೊಮ್ಮಕ್ಕಳಿರುವ ಮನೆಯ ಹೆಂಗಸು ಕೇಳುವುದು ತಪ್ಪೆಂದು ಹೇಗೆ ಹೇಳಲಿ? ಎರಡು ದಿನ ಯೋಚಿಸಿ ಅವರೇ ಹೇಳಿದರು: "ತೋಟಕ್ಕೆ ಬರಲಿ. ಅಡಿಕೆ ಸುಲಿಯಲು ಮನೆಯ ಕಡೆ ಬೇಡ." ಬಿಡುಗಡೆ ಯಾವಾಗಲೆಂಬುದು ಆತನಿಗೂ ತಿಳಿಯದು. ಈ ವರ್ಷದ ಕೊಯ್ಲಿಗಂತೂ ಇಲ್ಲ.