ನೀರಿಗೊಂದು ಚೌಕಟ್ಟು

ಗಾಜಿನ ಮೀನುತೊಟ್ಟಿ ಸೋರತೊಡಗಿದರೆ ನಮ್ಮ ಅನುಮಾನ ಮೊದಲು ಗಾಜಿನ ಮೇಲೆ ಹೋಗುತ್ತದೆ. ಹಳೆಯ ತೊಟ್ಟಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ಅನ್ಯಾಯ. ಅಲ್ಲಿ ಹೊರೆ ಹೊರುವುದು ಕಬ್ಬಿಣದ ಚೌಕಟ್ಟು. ಗಾಜು ಅದನ್ನು ಆಶ್ರಯಿಸಿ ನಿಂತದ್ದು. ಫಿಲಿಪ್ ಗಾಸ್ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಗ್ರಂಥದ ಮೂಲಕ ಇಂಗ್ಲೆಂಡಿನ ಮನೆಗಳಿಗೆ ಈ ಹವ್ಯಾಸವನ್ನು ಹಬ್ಬಿಸಿದ ಮೇಲೆ, ಒಂದು ಶತಮಾನಕ್ಕೂ ಮಿಕ್ಕಿ, ಲೋಹದ ಚೌಕಟ್ಟು ಮತ್ತು ಪುಟ್ಟಿ ಇವೇ ತೊಟ್ಟಿ ಕಟ್ಟುವವರ ಮುಖ್ಯ ಆಧಾರವಾಗಿದ್ದವು. ಗಾಜಿಗೆ ಗಾಜನ್ನೇ ಅಂಟಿಸುವ ಸಿಲಿಕೋನ್ ಬಂದಮೇಲೆ ಚೌಕಟ್ಟು ಹಿಂದೆ ಸರಿಯಿತು.

ನಮ್ಮ ಮನೆಯ ತೊಟ್ಟಿ ಹಳೆಯ ಬಗೆಯದು. ತೀರಿಹೋದ ನನ್ನ ತಮ್ಮ ಕೈಯಾರೆ ಪುಟ್ಟಿ ತುಂಬಿ ಕಟ್ಟಿದ್ದು. ವರ್ಷಾನುಗಟ್ಟಲೆ ಅಟ್ಟದ ಮೇಲೆ ಒಣಗಿ ನಿಂತಿದ್ದ ಅದನ್ನು ಗುಜರಿಗೆ ಹಾಕುವುದೇ ಲೇಸೆಂದು ಮನೆಯವರು ಹೇಳಿದರು. 3 ಅಡಿ ಉದ್ದ, 1 ಅಡಿ ಅಗಲದ ತೊಟ್ಟಿಯಲ್ಲಿ 14 ಅಂಗುಲ ನೀರು ನಿಂತರೆ ಅದು ಸುಮಾರು 100 ಲೀಟರು, ಅಂದರೆ 100 ಕಿಲೋ. ಮುಂದಿನ ಗಾಜೊಂದರ ಮೇಲೆಯೇ ಸುಮಾರು 58 ಕಿಲೋ ತೂಕದಷ್ಟು ಒತ್ತಡ. ಮಕ್ಕಳು ಓಡಾಡುವ ಮನೆಯಲ್ಲಿ ಇದು ತಮಾಷೆಯ ಮಾತಲ್ಲವಾದ್ದರಿಂದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿ ಮೆದುವಾಗಿರುವವರೆಗೆ ನೀರೇ ಗಾಜನ್ನು ಚೌಕಟ್ಟಿಗೆ ಒತ್ತಿ ತಾನು ಹರಿಯುವ ದಾರಿಯನ್ನು ತಾನೇ ಮುಚ್ಚುತ್ತದೆ. ಎಣ್ಣೆ ಆರಿತೆಂದರೆ ಪುಟ್ಟಿ ಕಲ್ಲಾಗಿ ಬಿರಿಯುತ್ತದೆ. ಆ ಬಿರುಕಿನಿಂದ ಜಿನುಗಿದ ನೀರು ತಳದ ಮೂಲೆಗಳ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಒಳಗೆ ಅಂಟು ಬಳಿದು ಸೋರಿಕೆ ನಿಲ್ಲಿಸುವುದು ರಿಪೇರಿಯಲ್ಲ, ರೋಗವನ್ನು ಮರೆಮಾಚುವುದು.

ಬೆಸುಗೆಯ ಬಿಸಿಗೆ ಗಾಜು ಸೀಳುವುದರಿಂದ ಹಲಗೆಗಳನ್ನೆಲ್ಲ ಮೊದಲು ಬಿಡಿಸಬೇಕು. ಹಿಂದಿನ ಗಾಜು ಬಿಡಿಸುವಾಗ ಪುಟ್ಟಿಯಲ್ಲಿ ತಮ್ಮನ ಹೆಬ್ಬೆರಳಿನ ಗುರುತುಗಳು ಸಾಲಾಗಿ ಕಂಡವು. ಎಣ್ಣೆಯ ಪಸೆ ಉಳಿದರೆ ಸಿಲಿಕೋನ್ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಎಲ್ಲವನ್ನೂ ಕೆರೆದು ತೆಗೆದೆ.

ಬೆಸುಗೆಯವನು ಸವೆದ ಮೂಲೆಗಳನ್ನು ಕತ್ತರಿಸಿ ಹೊಸ ಆಂಗಲ್ ಕೂಡಿಸಿದ; ಅಡಿಯಿಂದ ತ್ರಿಕೋನದ ತುಂಡುಗಳನ್ನು ಒತ್ತಾಸೆಯಾಗಿ ಕೊಟ್ಟ. ಉದ್ದನೆಯ ಗಾಜು ನಡುವೆ ಹೊರಕ್ಕೆ ಬಾಗುವುದು ಸಹಜ. ಅದಕ್ಕಾಗಿ ಮೇಲ್ಗಡೆ ಮಧ್ಯದಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಅಡ್ಡಪಟ್ಟಿ. ಇದು ಹಳೆಯ ಚೌಕಟ್ಟಿನಲ್ಲಿ ಇರಲಿಲ್ಲ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಸಮವಾಗಿವೆಯೇ ಎಂದು ನೋಡುವುದನ್ನು ಮಾತ್ರ ಬಿಡಬಾರದು. ಸೊಟ್ಟ ಚೌಕಟ್ಟು ಗಾಜನ್ನು ಮುರಿಯುತ್ತದೆ. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಎಪಾಕ್ಸಿ ಬಣ್ಣ ಬಳಿದು, ಪೂರ್ತಿ ಗಟ್ಟಿಯಾಗಲು ಬಿಟ್ಟೆವು.

ಶ್ರೋತೃಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ, ಸ್ನಾನದ ಮನೆಗೆಂದು ಮಾರುವ, ಬೂಷ್ಟು ತಡೆಯುವ ಔಷಧಿ ಬೆರೆತ ಸಿಲಿಕೋನ್ ತರಬೇಡಿ. ಅದು ಮೀನಿಗೆ ವಿಷ. ಮೀನುತೊಟ್ಟಿಗೆಂದೇ ಬರೆದಿರುವುದನ್ನು ಕೊಳ್ಳಿ. ಮೊದಲು ತಳದ ಹಲಗೆ, ಆಮೇಲೆ ಉದ್ದನೆಯ ಗಾಜುಗಳು, ಕೊನೆಗೆ ಪಕ್ಕದವು. ಅಂಟು ಆರುವಾಗ ವಿನೆಗರಿನ ವಾಸನೆ ಬರುತ್ತದೆ. ನಾವು ಒಂದು ವಾರ ಕಾದೆವು.

ನೀರನ್ನು ಒಮ್ಮೆಗೇ ತುಂಬಲಿಲ್ಲ. ಅಂಗಳದಲ್ಲಿ, ದಿನಕ್ಕೆ ಕಾಲುಪಾಲಿನಂತೆ. ನಾಲ್ಕು ಮೂಲೆಗಳ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿದ್ದೆ. ಎರಡನೆಯ ದಿನ ಒಂದು ಮೂಲೆಯ ಕಾಗದ ಒದ್ದೆಯಾಗಿತ್ತು. ನೋಡಿದರೆ ರಾತ್ರಿಯ ತುಂತುರು ಮಳೆ! ಕಾಗದ ಬದಲಿಸಿ, ಮೇಲೆ ಚಾಪೆ ಹೊದಿಸಿದೆವು. ಐದನೆಯ ದಿನ, ತೊಟ್ಟಿ ತುಂಬಿದ್ದಾಗಲೂ, ಕಾಗದ ಗರಿಗರಿಯಾಗಿಯೇ ಇತ್ತು.