ಕೂಡಿಟ್ಟ ಹಣದ ಸ್ಥಳಾಂತರ



ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಪೇಟೆಯನ್ನು ಕಂಡವರಿಗೆ ಅಲ್ಲಿಯ ಕೆಂಪು ರಾಶಿಗಳನ್ನೂ ಮೂಗಿಗೆ ಅಡರುವ ಘಾಟನ್ನೂ ನಾವು ವರ್ಣಿಸಿ ಹೇಳಬೇಕಾದುದಿಲ್ಲ. ನಾವು ಇಂದು ಹೇಳಹೊರಟಿರುವುದು ಆ ಕಾಯಿಯ ವಿಷಯವನ್ನಲ್ಲ, ಕಾಯಿ ಮಾರಿದ ಮೇಲೆ ಕೈಗೆ ಬರುವ ಹಣದ ವಿಷಯವನ್ನು. ಆದರೆ ಒಂದರ ನೆರವಿಲ್ಲದೆ ಇನ್ನೊಂದನ್ನು ತಿಳಿಯುವುದು ಕಷ್ಟ.

ಧಾರಣೆ ಇಳಿದಿರುವಾಗ ಬ್ಯಾಡಗಿಯ ಜಾಣನಾದ ವ್ಯಾಪಾರಿಯು ಮಾಲನ್ನು ಅಂಗಳದಲ್ಲಿ ಬಿಟ್ಟಿರುವುದಿಲ್ಲ. ಊರ ಸುತ್ತಲಿನ ಶೈತ್ಯಾಗಾರಗಳಲ್ಲೊಂದಕ್ಕೆ ಸಾಗಿಸಿ, ಬೆಲೆಯೇರುವವರೆಗೆ ಕಾದಿರಿಸುತ್ತಾನೆ. ಹಾಗೆ ಸಾಗಿಸುವ ಮುನ್ನ ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ: ಗಾಡಿಯ ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಶೈತ್ಯಾಗಾರದ ಬಾಡಿಗೆ ಎಷ್ಟು, ತೂಕದಲ್ಲಿ ಕಡಿಮೆಯಾಗುವುದೆಷ್ಟು; ಇವೆಲ್ಲವನ್ನೂ ಕಳೆದು ಲಾಭ ಉಳಿದೀತೆ? ಮೆಣಸಿನಕಾಯಿಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಅದೇ ಮನುಷ್ಯನು, ಮಾರಿ ಬಂದ ಹಣವನ್ನು ಸೇವಿಂಗ್ಸ್ ಲೆಕ್ಕದಲ್ಲಿ ಹಾಕಿ ಮರೆತುಬಿಡುವುದನ್ನು ಕಂಡಾಗ ನಮಗೆ ಆಶ್ಚರ್ಯವಾಗುತ್ತದೆ. ಇನ್ನು ಹಾವೇರಿಯ ಉಪಾಧ್ಯಾಯರು, ರಾಣೆಬೆನ್ನೂರಿನ ವಕೀಲರು, ನಿವೃತ್ತರಾದ ನೌಕರರು ಇವರ ಮಾತೇನು? ಓದಿದವರು ಈ ವಿಷಯದಲ್ಲಿ ಓದದವರಿಗಿಂತ ಹೆಚ್ಚು ಜಾಗರೂಕರೆಂದು ನಮಗಂತೂ ತೋರಿಲ್ಲ.

ಸೇವಿಂಗ್ಸ್ ಲೆಕ್ಕದ ಬಡ್ಡಿಯನ್ನು ೨೦೧೧ನೆಯ ಇಸವಿಯ ಅಕ್ಟೋಬರಿನವರೆಗೆ ರಿಸರ್ವ್ ಬ್ಯಾಂಕೇ ಗೊತ್ತುಮಾಡುತ್ತಿತ್ತು. ಎಲ್ಲ ಬ್ಯಾಂಕುಗಳದ್ದೂ ಒಂದೇ ದರ. ಆ ಬಳಿಕ ಪ್ರತಿಯೊಂದು ಬ್ಯಾಂಕಿಗೂ ತನ್ನ ದರವನ್ನು ತಾನೇ ನಿಶ್ಚಯಿಸುವ ಸ್ವಾತಂತ್ರ್ಯ ಬಂದಿತು. ೨೦೨೫ನೆಯ ಜೂನಿನಲ್ಲಿ ಸ್ಟೇಟ್ ಬ್ಯಾಂಕು ಈ ಬಡ್ಡಿಯನ್ನು ಶೇಕಡಾ ೨.೫ಕ್ಕೆ ಇಳಿಸಿತು. ಅಂಚೆಯ ಕಚೇರಿಯಲ್ಲಾದರೋ ೨೦೧೧ರ ಡಿಸೆಂಬರಿನಲ್ಲಿ ಶೇಕಡಾ ೪ ಎಂದು ಗೊತ್ತಾದ ದರವು ೨೦೨೫ರಲ್ಲಿಯೂ ಹಾಗೆಯೇ ಇದ್ದಿತು. ಒಂದೇ ಬೀದಿಯ ಎರಡು ಬಾಗಿಲುಗಳ ನಡುವೆ ಇಷ್ಟು ಅಂತರ.

ಆದರೆ ಅಂಚೆಯ ಲೆಕ್ಕಕ್ಕೆ ಒಂದು ಗುಟ್ಟುಂಟು. ಅಲ್ಲಿ ತಿಂಗಳ ೧೦ನೆಯ ತಾರೀಖಿನ ಕೊನೆಯಿಂದ ತಿಂಗಳ ಕೊನೆಯವರೆಗೆ ಲೆಕ್ಕದಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. ೧೧ನೆಯ ತಾರೀಖು ಹಣ ಕಟ್ಟಿದವನಿಗೆ ಆ ಹಣದ ಮೇಲೆ ಆ ತಿಂಗಳ ಬಡ್ಡಿ ಇಲ್ಲ. ೨೮ಕ್ಕೆ ಹಿಂತೆಗೆದವನಿಗೂ ಇಲ್ಲ. ಬ್ಯಾಂಕುಗಳಲ್ಲಿಯೂ ಮೊದಲು ಇದೇ ಕ್ರಮವಿದ್ದು, ೨೦೧೦ರ ಏಪ್ರಿಲ್ ೧ರಿಂದ ದಿನದಿನದ ಮೊತ್ತಕ್ಕೆ ಬಡ್ಡಿ ಹಾಕುವ ಪದ್ಧತಿ ಬಂದಿತು. ಆದುದರಿಂದ ಬ್ಯಾಂಕಿನಿಂದ ಅಂಚೆಗೆ ಸಾಗಿಸುವವರು ೧೦ರ ಒಳಗೆ ಸಾಗಿಸತಕ್ಕದ್ದು; ಅಂಚೆಯಿಂದ ಬ್ಯಾಂಕಿಗೆ ತರುವವರು ಹೊಸ ತಿಂಗಳು ಹುಟ್ಟುವವರೆಗೆ ತಾಳತಕ್ಕದ್ದು.

ಈಗ ಮೆಣಸಿನಕಾಯಿಯ ಹಣಕ್ಕೆ ಬರೋಣ. ಫೆಬ್ರವರಿಯಲ್ಲಿ ೨ ಲಕ್ಷ ರೂಪಾಯಿ ಬಂದಿತು, ಬಿತ್ತನೆಯ ಖರ್ಚಿಗೆ ಅದು ಜೂನಿನಲ್ಲಿ ಬೇಕು ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳಿಗೆ ಶೇಕಡಾ ೨.೫ರಂತೆ ಬರುವುದು ಸುಮಾರು ೧,೬೬೭ ರೂಪಾಯಿ. ಅದನ್ನೇ ನಾಲ್ಕು ತಿಂಗಳ ಅವಧಿಯ ಠೇವಣಿಯಾಗಿ ಶೇಕಡಾ ೫ರಂತೆ ಇಟ್ಟರೆ ಅದರ ಎರಡರಷ್ಟು. ಒಂದು ಅರ್ಧ ಗಂಟೆಯ ಕೆಲಸಕ್ಕೆ ಇದು ಕೆಟ್ಟ ಕೂಲಿಯಲ್ಲ. ಅವಧಿಯ ಠೇವಣಿಯೆಂದರೆ ವರ್ಷಗಟ್ಟಲೆ ಕಟ್ಟಿಹಾಕುವುದೆಂಬ ಭಯ ಹಲವರಲ್ಲಿದೆ. ಏಳು ದಿನಗಳ ಅವಧಿಗೂ ಬ್ಯಾಂಕುಗಳು ಠೇವಣಿಯನ್ನು ಸ್ವೀಕರಿಸುತ್ತವೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಅದು ಚಪಲಚಿತ್ತರ ತಪ್ಪು. ಮೂರು ವರ್ಷಗಳಿಗೆಂದು ಶೇಕಡಾ ೬.೫ರಂತೆ ೨ ಲಕ್ಷವನ್ನಿಟ್ಟವರು, ಒಂದು ವರ್ಷ ಕಳೆದಾಗ ಪಕ್ಕದ ಬ್ಯಾಂಕಿನಲ್ಲಿ ಶೇಕಡಾ ೭ ಎಂಬ ಫಲಕವನ್ನು ಕಂಡು ಓಡುತ್ತಾರೆ. ನಡುವೆ ಮುರಿದ ಠೇವಣಿಗೆ ಮೊದಲಿನ ದರ ಸಿಕ್ಕುವುದಿಲ್ಲ. ಒಂದು ವರ್ಷದ ಠೇವಣಿಗೆ ಅಂದು ಯಾವ ದರವಿತ್ತೋ ಅದು, ಅದರಲ್ಲಿಯೂ ದಂಡ ಕಳೆದು. ಆ ದರ ೬.೨೫, ದಂಡ ೧ ಎಂದಾದರೆ ಉಳಿಯುವುದು ೫.೨೫. ಆದ ನಷ್ಟ ೨,೫೦೦ ರೂಪಾಯಿ. ಮುಂದಿನ ಎರಡು ವರ್ಷಗಳಲ್ಲಿ ಅರ್ಧರ್ಧ ಶೇಕಡಾದಂತೆ ದೊರೆಯುವ ಲಾಭ ೨,೦೦೦. ಓಡಾಟದ ಶ್ರಮವನ್ನು ಬಿಟ್ಟರೂ ೫೦೦ ರೂಪಾಯಿ ಕೈಬಿಟ್ಟಂತಾಯಿತು.

ಈ ಐನೂರು ಸಾವಿರಗಳ ಮಾತು ಹಾಗಿರಲಿ. ಅಸಲನ್ನೇ ಕಳೆದುಕೊಳ್ಳುವ ಅಪಾಯವಿರುವ ಇನ್ನೊಂದು ಬಗೆಯ ಸ್ಥಳಾಂತರವಿದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕು ಇತರರಿಗಿಂತ ಹೆಚ್ಚಿನ ಬಡ್ಡಿಯನ್ನು ಕೊಡುತ್ತಿತ್ತು. ನಿವೃತ್ತರನೇಕರು ಜೀವಮಾನದ ಗಳಿಕೆಯನ್ನು ಅಲ್ಲಿಗೆ ಸಾಗಿಸಿದ್ದರು. ೨೦೨೦ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅದರ ಮೇಲೆ ನಿರ್ಬಂಧವನ್ನು ವಿಧಿಸಿ, ಠೇವಣಿದಾರನೊಬ್ಬನು ೩೫,೦೦೦ ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದಿತು. ಔಷಧಕ್ಕೂ ಮಗಳ ಮದುವೆಗೂ ಆ ಹಣವನ್ನೇ ನಂಬಿದ್ದವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಇದನ್ನು ಹೇಳಿದುದು ಸಹಕಾರವನ್ನು ಹಳಿಯುವುದಕ್ಕಲ್ಲ. ಹಾವೇರಿಯ ನೆರೆಯ ಗದಗಿನ ಸೀಮೆಯ ಕಣಗಿನಹಾಳದಲ್ಲಿಯೇ ಅಲ್ಲವೆ, ೧೯೦೫ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಈ ನಾಡಿನ ಸಹಕಾರ ಚಳವಳಿ ಮೊಳೆತದ್ದು! ಆದರೆ ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬ್ಯಾಂಕಿನ ಠೇವಣಿಗೆ, ಅದು ಸಹಕಾರ ಬ್ಯಾಂಕೇ ಆದರೂ, ವಿಮೆಯುಂಟು. ೨೦೨೦ರ ಫೆಬ್ರವರಿಯಿಂದ ಅದರ ಮಿತಿ ಅಸಲು ಬಡ್ಡಿ ಸೇರಿ ೫ ಲಕ್ಷ. ಪತ್ತಿನ ಸಂಘದ ಠೇವಣಿಗೆ ಆ ವಿಮೆಯಿಲ್ಲ. ಬಡ್ಡಿ ಒಂದೂವರೆ ಶೇಕಡಾ ಹೆಚ್ಚೆಂದು ಹಣವನ್ನು ಸಾಗಿಸುವವರು ಈ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕು.

ವಿಮೆಯ ಮಿತಿಯು ಒಂದು ಬ್ಯಾಂಕಿಗೆ ಒಂದು, ಶಾಖೆಗೊಂದಲ್ಲ. ಒಂದೇ ಬ್ಯಾಂಕಿನ ಹಾವೇರಿ ಶಾಖೆಯಲ್ಲಿ ನಾಲ್ಕು ಲಕ್ಷ, ರಾಣೆಬೆನ್ನೂರಿನಲ್ಲಿ ನಾಲ್ಕು ಲಕ್ಷವೆಂದು ಹಂಚಿಟ್ಟು ನಿಶ್ಚಿಂತರಾಗುವಂತಿಲ್ಲ. ಸಿಂಡಿಕೇಟ್ ಬ್ಯಾಂಕಿನಲ್ಲಿ ಒಂದು ಪಾಲು, ಕೆನರಾ ಬ್ಯಾಂಕಿನಲ್ಲಿ ಒಂದು ಪಾಲು ಇಟ್ಟಿದ್ದವರು ೨೦೨೦ರ ಏಪ್ರಿಲ್ ೧ರಂದು ಅವೆರಡೂ ಒಂದಾದುದನ್ನು ಗಮನಿಸಿದರೋ ಇಲ್ಲವೋ. ೨೦೨೫ರ ಮೇ ೧ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಬಳ್ಳಾರಿಯ ಗ್ರಾಮೀಣ ಬ್ಯಾಂಕೂ ಹಾಗೆಯೇ ಒಂದಾದವು. ಪಾಸ್ ಬುಕ್ಕುಗಳು ಎರಡಿದ್ದ ಮಾತ್ರಕ್ಕೆ ಬ್ಯಾಂಕು ಎರಡಾಗವು.

ಸಾಲವುಳ್ಳವರಿಗೆ ಒಂದು ಮಾತು. ಆಭರಣವನ್ನು ಒತ್ತೆಯಿಟ್ಟು ಶೇಕಡಾ ೧೦ರಂತೆ ಸಾಲ ತಂದು, ಇತ್ತ ಶೇಕಡಾ ೬ರ ಠೇವಣಿಯನ್ನು ಜೋಪಾನ ಮಾಡುವ ಗೃಹಸ್ಥರನ್ನು ನಾವು ಬಲ್ಲೆವು. ಇವರಿಗೆ ಎಲ್ಲಕ್ಕಿಂತ ಹೆಚ್ಚಿನ ಬಡ್ಡಿ ಕೊಡುವ ಲೆಕ್ಕವು ಅವರ ಸಾಲದ ಲೆಕ್ಕವೇ. ಆದರೆ ಸಹಕಾರ ಸಂಘದಿಂದ ರಾಜ್ಯ ಸರಕಾರದ ಬಡ್ಡಿಯಿಲ್ಲದ ಬೆಳೆಸಾಲವನ್ನು ಪಡೆದ ಒಕ್ಕಲಿಗನು ಗಡುವಿಗೆ ಮುಂಚೆ ಅದನ್ನು ತೀರಿಸಲು ಅವಸರಪಡಬೇಕಾದುದಿಲ್ಲ. ಗಡುವು ಮೀರಗೊಡದಿದ್ದರಾಯಿತು, ಮೀರಿದರೆ ಆ ರಿಯಾಯಿತಿ ಹೋಗುತ್ತದೆ.

ಕೊನೆಯದಾಗಿ, ಹಳೆಯ ಲೆಕ್ಕಕ್ಕೆ ಬರೆದುಕೊಟ್ಟ ವಾರಸುದಾರರ ಹೆಸರು ಹಣದೊಡನೆ ತಾನಾಗಿಯೇ ಹೊಸ ಲೆಕ್ಕಕ್ಕೆ ಬರುವುದಿಲ್ಲ. ೨೦೨೫ರ ನವೆಂಬರ್ ೧ರಿಂದ ಬ್ಯಾಂಕಿನ ಒಂದು ಲೆಕ್ಕಕ್ಕೆ ನಾಲ್ವರವರೆಗೆ ಹೆಸರಿಸಲು ಅವಕಾಶವಾಗಿದೆ. ಹಣ ಕಟ್ಟಿದ ದಿನವೇ ಆ ಕಾಗದವನ್ನೂ ತುಂಬಿಕೊಟ್ಟು ಬರತಕ್ಕದ್ದು.